ಅರ್ಧದ ಅರ್ಧ

ನಾಲ್ಕನೆಯ ಸಲವೂ ಲಿಂಕರ್ ಸತ್ತುಬಿತ್ತು.

ಏನಾದರೂ ಹೇಳಿ ಸತ್ತಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಇಂಥ ಹೆಸರು ಸಿಗುತ್ತಿಲ್ಲ, ಇಂಥ ಫೈಲಿನಲ್ಲಿ ಹೀಗಿದೆ ಎಂದು ದೂರು ಹೇಳುವುದು ಫೈಲುಗಳನ್ನು ಜೋಡಿಸುವ ತಂತ್ರಾಂಶವಾದ ಲಿಂಕರ್‌ನ ಕೆಲಸ. ಕೇಳಿ ಸರಿಪಡಿಸುವುದು ಅವನ ಕೆಲಸ. ಈಗ ಪರದೆಯ ಮೇಲೆ ಇದ್ದದ್ದು ಒಂದೇ ಸಾಲು: ಸೆಗ್ಮೆಂಟೇಶನ್ ಫಾಲ್ಟ್. ಮುಟ್ಟಬಾರದ ಜಾಗ ಮುಟ್ಟಿ ಸತ್ತಿದೆ. ಯಾಕೆ ಮುಟ್ಟಿತು, ಯಾರು ಮುಟ್ಟಿಸಿದರು, ಒಂದಕ್ಷರವಿಲ್ಲ. ವಿಚಾರಣೆ ಮಾಡಬೇಕಾದ ಅಧಿಕಾರಿಯೇ ಮೇಜಿನ ಮೇಲೆ ತಲೆಯಿಟ್ಟು ಸತ್ತಿರುವ ಹಾಗೆ.

ಅವನು ಹಿಂತಿರುಗಿ ನೋಡಿದ. ಯಾರೂ ಅವನನ್ನು ನೋಡುತ್ತಿರಲಿಲ್ಲ. ಬೆಳಗಿನ ಹತ್ತೂವರೆಗೆ ಇಪ್ಪತ್ತು ಜನರಲ್ಲಿ ಒಬ್ಬರೂ ತಲೆಯೆತ್ತದಿರುವುದು ಸಹಜವೇ ಎಂದು ಯೋಚಿಸಿದ.

ಅವರ ಕಂಪನಿ ಆಸ್ಪತ್ರೆಗಳಿಗೆ ಒಂದು ಯಂತ್ರ ಮಾಡಿಕೊಡುತ್ತಿತ್ತು. ಹಾಸಿಗೆಯ ಪಕ್ಕ ನಿಂತು ರೋಗಿಯ ನರಕ್ಕೆ ಔಷಧಿಯನ್ನು ಹನಿಹನಿಯಾಗಿ ಬಿಡುವ ಯಂತ್ರ. ಅದರೊಳಗಿನ ಪುಟ್ಟ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಕರ್ನಲ್, ಇವರೇ ಬರೆದದ್ದು. ಸಾವಿರದ ನೂರ ಎಂಬತ್ತು ಫೈಲುಗಳು. ಒಂದೊಂದನ್ನೂ ಬೇರೆಬೇರೆ ಕಂಪೈಲ್ ಮಾಡಿ ಯಂತ್ರದ ಭಾಷೆಗೆ ತಂದ ಮೇಲೆ ಲಿಂಕರ್ ಅವನ್ನೆಲ್ಲ ಸಾಲಾಗಿ ಕೂರಿಸಿ, ಪ್ರತಿಯೊಂದಕ್ಕೂ ವಿಳಾಸ ಕೊಟ್ಟು, ಯಾರು ಯಾರನ್ನು ಕರೆಯಬೇಕೋ ಅವರ ಕೈಗೆ ಆ ವಿಳಾಸ ಬರೆದುಕೊಟ್ಟು ಒಟ್ಟುಗೂಡಿಸಬೇಕು. ಒಟ್ಟುಗೂಡಿಸುವವನೇ ಬಿದ್ದುಹೋದರೆ ಉಳಿಯುವುದು ಒಂದಕ್ಕೊಂದು ಪರಿಚಯವಿಲ್ಲದ ಸಾವಿರದ ನೂರ ಎಂಬತ್ತು ಚೂರು.

ಹೋದ ತಿಂಗಳೂ ಹೀಗೇ ಬಿದ್ದಿತ್ತು. ಯಂತ್ರಗಳು ಆಸ್ಪತ್ರೆಗೆ ತಲುಪುವುದು ಒಂದು ವಾರ ತಡವಾಗಿ, ಮೇಲಿನವರು ಕಾರಣವನ್ನು ಬರವಣಿಗೆಯಲ್ಲಿ ಕೇಳಿದ್ದರು. ಕಾರಣ ಕಂಡುಹಿಡಿದವನು ಅವನೇ. ಎರಡು ಪುಟದ ಅವನ ವರದಿಯ ಕೊನೆಗೆ ಒಂದು ಫೈಲಿನ ಹೆಸರಿತ್ತು. ಗಡಿಯಾರ ನೋಡಿಕೊಳ್ಳುವ ಫೈಲು. ಬರೆದವರು ಅಕ್ಕ.

ಇಡೀ ಆಫೀಸಿಗೆ ಅವರು ಅಕ್ಕ. ವಯಸ್ಸು ಐವತ್ತನಾಲ್ಕು, ಕಂಪನಿಯಲ್ಲಿ ಇಪ್ಪತ್ತೊಂದು ವರ್ಷ. ವರದಿ ಹೋದ ಮರುದಿನವೇ ಅವರನ್ನು ಕರ್ನಲ್‌ನಿಂದ ತೆಗೆದು, ಯಂತ್ರದ ಕೈಪಿಡಿ ತಿದ್ದಲು ಕೂರಿಸಿದರು. ಗಡಿಯಾರದ ಫೈಲನ್ನು ಇನ್ನೊಬ್ಬರು ಹೊಸದಾಗಿ ಬರೆದರು. ಇವತ್ತು ನಾಲ್ಕು ಗಂಟೆಗೆ ಸಭೆ. ಅಕ್ಕನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಎಂಬುದು ಅಲ್ಲಿ ತೀರ್ಮಾನವಾಗಬೇಕು. ಆಧಾರ, ಅವನ ಎರಡು ಪುಟ.

ಅಕ್ಕನ ಫೈಲು ಈಗ ಕರ್ನಲ್‌ನಲ್ಲಿ ಇಲ್ಲ. ಲಿಂಕರ್ ಮಾತ್ರ ಬೀಳುತ್ತಿದೆ.

ಮ್ಯಾನೇಜರು ಅವನ ಕುರ್ಚಿಯ ಬೆನ್ನು ಹಿಡಿದು ಬಗ್ಗಿದರು. ಅವರಿಗೆ ಯಾರು ಹೇಳಿದರೋ.

“ಮತ್ತೆ ಬಿತ್ತಂತೆ?”

“ನೋಡ್ತಿದೀನಿ ಸರ್.”

“ಅಕ್ಕನೇ ಹೋಗೋ ಮೊದಲು ಏನಾದ್ರೂ ಇಟ್ಟು ಹೋಗಿದಾರಾ ನೋಡಿ.” ಅವರ ದನಿಯಲ್ಲಿ ಕೋಪವಿರಲಿಲ್ಲ. ಛತ್ರಿ ಮರೆತುಹೋಗಿದ್ದಾರಾ ನೋಡಿ ಎಂದ ಹಾಗಿತ್ತು. “ನಾಲ್ಕು ಗಂಟೆ ಒಳಗೆ ನನಗೊಂದು ಹೆಸರು ಬೇಕು.”

ಫೈಲಿನ ಹೆಸರೋ ಮನುಷ್ಯರ ಹೆಸರೋ ಎಂದು ಅವನು ಕೇಳಲಿಲ್ಲ.

ಹೆಸರು ಹುಡುಕುವ ಕ್ರಮ ಅವನಿಗೆ ಗೊತ್ತಿತ್ತು. ಹಗಲು ಅಂಗಡಿಯೊಂದರಲ್ಲಿ ಬಿಲ್ಲು ಬರೆಯುತ್ತ ಸಂಜೆ ಕಾಲೇಜಿಗೆ ಹೋಗುತ್ತಿದ್ದಾಗ ಕಲಿತದ್ದು. ಆ ಕಾಲೇಜಿನಿಂದ ಅವನಿಗೆ ಪೂರ್ತಿ ನಂಬಿಕೆಯಿಂದ ಬಂದದ್ದು ಬಹುಶಃ ಅದೊಂದೇ. ಫೈಲುಗಳನ್ನು ಎರಡು ಪಾಲು ಮಾಡು. ಒಂದು ಪಾಲನ್ನು ಮಾತ್ರ ಲಿಂಕರ್‌ಗೆ ಕೊಡು. ಅರ್ಧ ಹೆಸರು ಸಿಗುತ್ತಿಲ್ಲ ಎಂದು ಗೊಣಗದಂತೆ ಅದರ ಬಾಯಿ ಮುಚ್ಚಿಸಲು ಒಂದು ಆಯ್ಕೆ ಇದೆ, ಅದನ್ನು ಹಾಕು. ಬಿದ್ದರೆ ಅಪರಾಧಿ ಈ ಪಾಲಿನಲ್ಲಿದ್ದಾನೆ. ಬೀಳದಿದ್ದರೆ ಆ ಪಾಲಿನಲ್ಲಿ. ಸಿಕ್ಕ ಪಾಲನ್ನು ಮತ್ತೆ ಅರ್ಧ ಮಾಡು. ಸಾವಿರದ ನೂರ ಎಂಬತ್ತು ಐನೂರ ತೊಂಬತ್ತಾಗುತ್ತದೆ, ಇನ್ನೂರ ತೊಂಬತ್ತೈದಾಗುತ್ತದೆ. ಹನ್ನೊಂದು ಹೆಜ್ಜೆ ಹಾಕುವಷ್ಟರಲ್ಲಿ ಕೈಯಲ್ಲಿ ಒಂದೇ ಫೈಲು ಉಳಿಯುತ್ತದೆ. ಯಾರನ್ನೂ ಬೈಯಬೇಕಿಲ್ಲ, ಯಾರ ಮುಖವನ್ನೂ ನೋಡಬೇಕಿಲ್ಲ.

ಟಿಪ್ಪಣಿ ಪುಸ್ತಕ ತೆಗೆದು, ಇವತ್ತಿನ ತಾರೀಕು ಹಾಕಿ, ಒಂದರಿಂದ ಹನ್ನೊಂದರವರೆಗೆ ಅಂಕಿ ಬರೆದುಕೊಂಡ. ಒಂದೊಂದು ಹೆಜ್ಜೆಗೂ ಐದಾರು ನಿಮಿಷ. ಬಿದ್ದರೆ ಅಡ್ಡಗೀಟು, ಬೀಳದಿದ್ದರೆ ಸೊನ್ನೆ.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಕೈಯಲ್ಲಿ ಒಂದೇ ಫೈಲು ಉಳಿಯಿತು. ಯಂತ್ರದ ಪರದೆಯ ಬೆಳಕು ಹೆಚ್ಚುಕಡಿಮೆ ಮಾಡುವ ಫೈಲು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವನೇ ಬರೆದದ್ದು. ಮೂವತ್ತು ಸಾಲು. ಅಕ್ಕ ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಬರೆಸಿದ್ದು.

ಟಿಪ್ಪಣಿಯ ಆ ಪುಟದ ಮೇಲೆ ಅಂಗೈ ಇಟ್ಟು ಮುಚ್ಚಿದ. ಆಮೇಲೆ ನಾಚಿಕೆಯಾಗಿ ಅಂಗೈ ತೆಗೆದ. ಮೂವತ್ತು ಸಾಲನ್ನೂ ಎರಡು ಸಲ ಓದಿದ. ಏನೂ ಇರಲಿಲ್ಲ. ಏನೂ ಇಲ್ಲದಿರುವುದನ್ನು ತಾನು ಎಷ್ಟು ಬೇಗ ನಂಬಿದೆ ಎಂಬುದನ್ನೂ ಗಮನಿಸಿದ. ಅಕ್ಕನ ಫೈಲನ್ನು ಹೀಗೆ ಎರಡು ಸಲ ಓದಿದ್ದೆನೇ?

ಫೋನು ಅಲುಗಾಡಿತು. ಹೆಂಡತಿ. ಅವಳು ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ರೋಗಿಗಳ ಸರದಿ ಬರೆದುಕೊಳ್ಳುವವಳು. ಡಾಕ್ಟರು ಊಟಕ್ಕೆ ಎದ್ದಾಗ ಮಾತ್ರ ಫೋನು ಮಾಡುತ್ತಾಳೆ. ಮಗಳ ಶೂ ಹರಿದಿದೆ, ಸಂಜೆ ಬರುವಾಗ ಅಂಗಡಿಗೆ ಹೋಗಬೇಕು ಎಂದಳು. ಆಗಲಿ ಎಂದ. ಅವಳು ಫೋನಿಡಲಿಲ್ಲ.

“ಇವತ್ತಲ್ವಾ ಅಕ್ಕನ ಮೀಟಿಂಗು?”

“ಇರ್ಬೇಕು.”

“ಇರ್ಬೇಕು ಅಂದ್ರೆ? ನೀವೇ ಅಲ್ವಾ ಬರ್ಕೊಟ್ಟಿದ್ದು?”

ಅವನು ಮನೆಯಲ್ಲಿ ಅದನ್ನು ಹೇಳಿರಲಿಲ್ಲ. “ನಿನಗ್ಯಾರು ಹೇಳಿದ್ರು?”

“ಯಾರು ಹೇಳ್ಬೇಕು ರೀ. ಅಕ್ಕನ ಹೆಸರೆತ್ತಿದ್ರೆ ತಿಂಗಳಿಂದ ನೀವು ತಟ್ಟೆ ನೋಡ್ತೀರಿ.”

ಡಾಕ್ಟರು ಬಂದರು ಎಂದು ಇಟ್ಟುಬಿಟ್ಟಳು. ಬಾಗಿಲಿನ ಸದ್ದು ಅವನಿಗೆ ಕೇಳಿಸಿರಲಿಲ್ಲ. ನಿಜವಾಗಿ ಬಂದರೋ, ಇಡುವುದಕ್ಕೆ ನೆಪವೋ. ಅಕ್ಕ ಅವಳಿಗೆ ಫೋನು ಮಾಡಿರಬಹುದೇ?

ತಾನು ಮಾಡಿದ್ದರಲ್ಲೇ ಎಲ್ಲೋ ತಪ್ಪಿರಬೇಕು ಎಂದುಕೊಂಡು ಊಟಕ್ಕೆ ಏಳದೆ ಮತ್ತೆ ಮೊದಲಿನಿಂದ ಶುರುಮಾಡಿದ. ಹೊಸ ಪುಟ, ಹನ್ನೊಂದು ಅಂಕಿ. ಎಲ್ಲ ಸರಿಯಾಗಿದ್ದರೆ ಮತ್ತೆ ಅದೇ ಮೂವತ್ತು ಸಾಲಿಗೆ ಬಂದು ನಿಲ್ಲಬೇಕು. ನಿಲ್ಲದಿರಲಿ ಎಂದು ಆಸೆಪಟ್ಟ. ನಿಂತರೂ ಒಳ್ಳೆಯದು, ಒಂದು ಉತ್ತರವಾದರೂ ಆಗುತ್ತದೆ ಎಂದೂ ಅನ್ನಿಸಿತು.

ಎರಡನೆಯ ಹೆಜ್ಜೆಯಲ್ಲೇ ದಾರಿ ಬೇರೆಯಾಯಿತು. ಒಂದೂವರೆಗೆ ಉಳಿದ ಫೈಲನ್ನು ತೆರೆದ. ಅದರಲ್ಲಿ ಏನೂ ಇರಲಿಲ್ಲ. ಯಾವ ಕಾಲದಲ್ಲೋ ಯಾರೋ ಮುಂದೆ ಬೇಕಾದೀತೆಂದು ಇಟ್ಟು ಮರೆತ ಫೈಲು. ಮೇಲೆ ಕಂಪನಿಯ ಹೆಸರು, ಕೆಳಗೆ ಬಿಳಿ ಪರದೆ. ಆ ಬಿಳಿಯ ಮೇಲೆ ಹನ್ನೊಂದು ಹೆಜ್ಜೆಯ ಆರೋಪ ಸಾಬೀತಾಗಿತ್ತು.

ಆಗ ಅವನಿಗೆ ಅರ್ಥವಾಯಿತು. ಲಿಂಕರ್ ತನಗೆ ಬೇಕೆಂದಾಗ ಬೀಳುತ್ತಿದೆ, ಬೇಡವೆಂದಾಗ ಇಲ್ಲ. ಹಾಗಿರುವಾಗ ಅರ್ಧ ಮಾಡುತ್ತ ಹೋದರೂ ಕೊನೆಗೆ ಒಂದು ಫೈಲು ಉಳಿದೇ ಉಳಿಯುತ್ತದೆ. ಯಾವುದಾದರೂ ಒಂದು. ಈ ಕ್ರಮಕ್ಕೆ “ಯಾರೂ ಅಲ್ಲ” ಎಂದು ಹೇಳಲು ಬರುವುದಿಲ್ಲ.

ಪುಸ್ತಕದ ಹಿಂದಿನ ಪುಟಗಳನ್ನು ತಿರುವಿದ. ಹೋದ ತಿಂಗಳ ಹನ್ನೊಂದು ಹೆಜ್ಜೆ. ಒಂಬತ್ತನೆಯದರ ಮುಂದೆ ಮೊದಲು ಸೊನ್ನೆ ಇತ್ತು, ಅದರ ಮೇಲೆ ಒತ್ತಿ ಎಳೆದ ಅಡ್ಡಗೀಟು. ನೆನಪಾಯಿತು. ಮರೆತಿರಲಿಲ್ಲ, ನೆನೆದಿರಲಿಲ್ಲ ಅಷ್ಟೆ. ಮೊದಲ ಸಲ ಬೀಳಲಿಲ್ಲ. ಏನೋ ಅನುಮಾನ ಬಂದು ಅದನ್ನೇ ಇನ್ನೊಮ್ಮೆ ನಡೆಸಿದ, ಬಿತ್ತು. ಎರಡರಲ್ಲಿ ಒಂದನ್ನು ಆರಿಸಿಕೊಂಡ. ಆಗ ಉಳಿದಿದ್ದ ನಾಲ್ಕೈದು ಫೈಲುಗಳ ಹೆಸರು ಪರದೆಯ ಮೇಲಿದ್ದವು. ಗಡಿಯಾರದ್ದೂ ಇತ್ತು.

ಅದನ್ನು ನೋಡಿ ಆರಿಸಿದೆನೇ?

ಸಂದರ್ಶನದ ದಿನ ಎದುರಿಗಿದ್ದ ಮೂವರಲ್ಲಿ ಇಬ್ಬರು ಸಂಜೆ ಕಾಲೇಜು ಎಂದ ಕೂಡಲೇ ಪೆನ್ನು ಕೆಳಗಿಟ್ಟಿದ್ದರು. ಅಕ್ಕ ಮಾತ್ರ ಪ್ರಶ್ನೆ ಕೇಳಿದರು, ಕೆಲಸ ಕೊಡಿಸಿದರು. ಆರು ವರ್ಷದಿಂದ ಅವನು ಆ ಪ್ರಶ್ನೆಗಳನ್ನು ತಿರುಗಿಸಿ ತಿರುಗಿಸಿ ನೋಡಿದ್ದಾನೆ. ಅವು ಸುಲಭವಾಗಿದ್ದವೇ? ಬೇಕೆಂದೇ ಸುಲಭ ಮಾಡಿದರೇ? ಯೋಗ್ಯತೆ ನೋಡಿ ಕೊಟ್ಟದ್ದೋ, ಪಾಪ ಎಂದು ಕೊಟ್ಟದ್ದೋ? ಅದನ್ನು ಬಲ್ಲ ಒಬ್ಬರೇ ಒಬ್ಬರು ಈ ಕಟ್ಟಡದಲ್ಲಿದ್ದರು. ಅವರು ಹೋದರೆ ಆ ಪ್ರಶ್ನೆಯೂ ಹೋಗುತ್ತದೆ. ಒಂಬತ್ತನೆಯ ಹೆಜ್ಜೆಯಲ್ಲಿ ಇದೆಲ್ಲ ಮನಸ್ಸಿನಲ್ಲಿತ್ತೇ ಎಂದು ಕೇಳಿಕೊಂಡ. ಒಂದು ಸಲ ಇತ್ತು ಅನ್ನಿಸಿತು. ಇನ್ನೊಂದು ಸಲ ಇರಲಿಲ್ಲ ಅನ್ನಿಸಿತು.

ಪಕ್ಕದ ಮೇಜಿನವನನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು. ಮೀಸೆ ಬೋಳಿಸಿ ಎರಡು ವರ್ಷವಾಗಿತ್ತು. ಊಟ ಮುಗಿಸಿ ಬಂದು ಹಲ್ಲಿನ ಸಂದಿ ಕೆದಕುತ್ತ ಇವನ ಪರದೆಗೆ ಬಗ್ಗಿದ.

“ಇದಾ? ಇದು ಹಿಂಗೇ ಕಣೋ. ಬಿದ್ರೆ ಇನ್ನೊಂದ್ಸಲ ಒತ್ತು.”

“ಇನ್ನೊಂದ್ಸಲ ಅಂದ್ರೆ?”

“ಎರಡ್ಸಲ, ಮೂರ್ಸಲ. ಎದ್ದೇಳುತ್ತೆ. ನಾವೆಲ್ಲ ಹಂಗೇ ಮಾಡೋದು.” ಕರ್ನಲ್ ಜೋಡಿಸುವ ದೊಡ್ಡ ಕಂಪ್ಯೂಟರಿಗೆ ಹೊಸ ಮೆಮೊರಿ ಹಾಕಿದ್ದರಲ್ಲ, ಬಹುಶಃ ಆಗಿನಿಂದ ಎಂದು ಸೇರಿಸಿದ. ಹಾಕಿ ಎರಡು ತಿಂಗಳಾಗಿತ್ತು.

“ಹೋದ ತಿಂಗಳು ಯಾಕೆ ಹೇಳಲಿಲ್ಲ?”

“ನೀನೆಲ್ಲಿ ಕೇಳಿದೆ? ತಪಸ್ಸಿಗೆ ಕೂತ ಹಾಗೆ ಕೂತಿದ್ದೆ. ಮಾತಾಡಿಸಿದ್ರೆ ಶಾಪ ಕೊಡ್ತೀಯೇನೋ ಅಂತ ಸುಮ್ನಿದ್ದೆ.” ಹೇಳುತ್ತ ಹೇಳುತ್ತಲೇ ಮೀಸೆ ಇವನ ಕೀಲಿಮಣೆಯ ಮೇಲೆ ಕೈಚಾಚಿ ಒತ್ತಿಬಿಟ್ಟ. ಎಂಟು ನಿಮಿಷದ ನಂತರ ಕರ್ನಲ್ ಪೂರ್ತಿ ಸಿದ್ಧವಾಗಿತ್ತು. ಒಂದು ದೂರೂ ಇರಲಿಲ್ಲ.

ಮೆಮೊರಿಯೇ ಕೆಟ್ಟಿದ್ದರೆ ಯಾವ ಫೈಲೂ ಅಪರಾಧಿಯಲ್ಲ. ಅದನ್ನು ಖಚಿತಪಡಿಸಲು ಆ ಕಂಪ್ಯೂಟರನ್ನು ನಿಲ್ಲಿಸಿ ಏಳೆಂಟು ಗಂಟೆ ಪರೀಕ್ಷೆ ನಡೆಸಬೇಕು. ಅವನು ಟಿಪ್ಪಣಿ ಪುಸ್ತಕ ತೆಗೆದುಕೊಂಡು ಮ್ಯಾನೇಜರ ಕೋಣೆಗೆ ಹೋದ. ಒಂಬತ್ತನೆಯ ಹೆಜ್ಜೆ ಇದ್ದ ಪುಟದಲ್ಲಿ ಬೆರಳಿಟ್ಟುಕೊಂಡಿದ್ದ.

“ಆಯ್ತಂತಲ್ಲ,” ಎಂದರು ಅವರು. ಈ ಕಟ್ಟಡದಲ್ಲಿ ಸುದ್ದಿ ಅವನಿಗಿಂತ ಮುಂದೆ ನಡೆಯುತ್ತಿತ್ತು.

“ತಾನಾಗೇ ಆಯ್ತು ಸರ್. ಆ ಮಷೀನಿನ ಮೆಮೊರಿ ಒಂದ್ಸಲ ಪರೀಕ್ಷೆ ಮಾಡಿಸ್ಬೇಕು.”

“ಇವತ್ತೇನಾ?”

“ಇವತ್ತೇ ಅಂತಲ್ಲ.”

ಮ್ಯಾನೇಜರು ಪೆನ್ನಿನ ಮುಚ್ಚಳ ಹಾಕಿ ಅವನನ್ನು ನೋಡಿದರು. “ಹೋದ ತಿಂಗಳದ್ದಕ್ಕೂ ಇದಕ್ಕೂ ಸಂಬಂಧ ಇದೆಯಾ?”

“ನೋಡ್ಬೇಕು ಸರ್.”

“ನಾಲ್ಕು ಗಂಟೆ ಒಳಗೆ ಗೊತ್ತಾಗಲ್ಲ ಅಲ್ವಾ?”

“ಗೊತ್ತಾಗಲ್ಲ.”

ಅದು ಸತ್ಯ. ಇಡೀ ದಿನದಲ್ಲಿ ಅವನು ಅನುಮಾನವಿಲ್ಲದೆ ಹೇಳಿದ ಒಂದೇ ಮಾತು. ಹಾಗಾದರೆ ಹಳೆಯ ವರದಿಯೇ ಇರಲಿ ಎಂದರು ಮ್ಯಾನೇಜರು. ಅವನು ಪುಸ್ತಕದಿಂದ ಬೆರಳು ತೆಗೆದ.

ಸಭೆಯಲ್ಲಿ ಐವರಿದ್ದರು. ಅವನ ಎರಡು ಪುಟವನ್ನು ಐದು ಪ್ರತಿ ತೆಗೆದು ಎಲ್ಲರ ಮುಂದಿಟ್ಟಿದ್ದರು. ಅಕ್ಕ ಕನ್ನಡಕ ಏರಿಸಿಕೊಂಡು ತಾವು ಬರೆದುಕೊಂಡು ಬಂದಿದ್ದನ್ನು ಓದಿದರು. ಈ ಒಂದು ತಿಂಗಳು ತಮ್ಮ ಫೈಲನ್ನು ದಿನಾ ಸಂಜೆ ಸಾಲುಸಾಲಾಗಿ ಓದಿದ್ದಾಗಿ, ಯಂತ್ರ ನಲವತ್ತೊಂಬತ್ತು ದಿನ ಎಡೆಬಿಡದೆ ಓಡಿದರೆ ಗಡಿಯಾರದ ಲೆಕ್ಕ ತಪ್ಪುವ ಒಂದು ಜಾಗ ಸಿಕ್ಕಿದ್ದಾಗಿ, ಇಷ್ಟು ವರ್ಷ ಅದು ಕಣ್ಣಿಗೆ ಬೀಳದಿದ್ದುದಕ್ಕೆ ತಮಗೆ ನಾಚಿಕೆಯಾಗುತ್ತಿರುವುದಾಗಿ ಹೇಳಿದರು. ಹುಡುಕುತ್ತ ಕೂತರೆ ಯಾರಲ್ಲಿ ತಾನೇ ಸಿಗುವುದಿಲ್ಲ ಎಂದುಕೊಂಡ ಅವನು.

ಆ ತಪ್ಪಿಗೂ ಲಿಂಕರ್ ಬೀಳುವುದಕ್ಕೂ ಏನೇನೂ ಸಂಬಂಧವಿಲ್ಲ. ಕೋಣೆಯಲ್ಲಿ ಅದು ಗೊತ್ತಿದ್ದವರು ಇಬ್ಬರೇ.

“ಇದ್ರಿಂದಲೇ ಬಿತ್ತು ಅಂತ ನಾನು ಹೇಳಲಾರೆ,” ಎಂದರು ಅಕ್ಕ ಕಾಗದ ಮಡಿಸುತ್ತ. “ಪರೀಕ್ಷೆ ಮಾಡಿದವನು ಅವನು. ಅವನೇ ಹೇಳ್ಲಿ.”

ಅದು ನಂಬಿಕೆಯೇ, ಬಲೆಯೇ? ಅವರ ಮುಖದಲ್ಲಿ ಹುಡುಕಿದ. ಸಂದರ್ಶನದ ದಿನ ಕೂಡ ಅವರು ಹೀಗೆಯೇ ಪ್ರಶ್ನೆ ಕೇಳಿ ಸುಮ್ಮನೆ ಕಾದಿದ್ದರು.

“ಸಾಧ್ಯತೆ ಇದೆ,” ಎಂದ.

ಒಬ್ಬರು ಅದನ್ನು ಬರೆದುಕೊಂಡರು. ತೀರ್ಮಾನವನ್ನು ಸೋಮವಾರ ಪತ್ರದ ಮೂಲಕ ತಿಳಿಸುವುದಾಗಿ ಹೇಳಿ ಎಲ್ಲರೂ ಎದ್ದರು.

ಮಗಳ ಶೂ ಅಂಗಡಿ ಆರಕ್ಕೆ ಮುಚ್ಚುತ್ತಿತ್ತು. ಚೀಲ ತೆಗೆದುಕೊಂಡು ಲಿಫ್ಟಿನ ಎದುರಿಗೆ ಬಂದರೆ ಅಕ್ಕ ಆಗಲೇ ನಿಂತಿದ್ದರು. ಮೆಟ್ಟಿಲಿಳಿದು ಹೋಗಬಹುದಿತ್ತು, ಹೋದರೆ ಏನೆಂದುಕೊಂಡಾರು ಎಂದು ನಿಂತ.

“ವರದಿ ಅಚ್ಚುಕಟ್ಟಾಗಿ ಬರ್ದಿದೀಯ,” ಎಂದರು. ಆಮೇಲೆ ಬಾಗಿಲನ್ನೇ ನೋಡುತ್ತ ಕೇಳಿದರು: “ಪ್ರತಿ ಹೆಜ್ಜೇನೂ ಒಂದೊಂದೇ ಸಲ ನಡೆಸಿದ್ಯಾ?”

“ಅಂದ್ರೆ ಅಕ್ಕ?”

ಲಿಫ್ಟು ಬಂತು. ಮೇಲಿನ ಮಹಡಿಯವರು ಏಳೆಂಟು ಜನ ಒಳಗಿದ್ದರು. ಮನೆಗೆ ಹೊರಟ ಮುಖಗಳು. ಅವನು ನುಗ್ಗಿ ಜಾಗ ಮಾಡಿಕೊಂಡ. ಅವನ ಹಿಂದೆ ಅಕ್ಕ ಹತ್ತಿದರು.

ತೂಕ ಹೆಚ್ಚಾಯಿತೆಂದು ಲಿಫ್ಟು ಕಿರುಚತೊಡಗಿತು. ಬಾಗಿಲು ಅರ್ಧ ಮುಚ್ಚಿ ಮತ್ತೆ ತೆರೆದುಕೊಂಡಿತು. ಒಳಗಿದ್ದವರೆಲ್ಲ ಒಟ್ಟಿಗೆ ಅಕ್ಕನನ್ನು ನೋಡಿದರು. ಕೊನೆಗೆ ಹತ್ತಿದವರು ಅವರು.

ಅಕ್ಕ ಲಿಫ್ಟಿನಿಂದ ಇಳಿದರು.

ಕಿರುಚುವುದು ನಿಲ್ಲಲಿಲ್ಲ. ಬಾಗಿಲು ತೆರೆದೇ ಇತ್ತು. ಹೊರಗೆ, ಕೈಗೆಟುಕುವಷ್ಟು ದೂರದಲ್ಲಿ, ಅಕ್ಕ ಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದರು. ಒಳಗೆ ಯಾರೋ ಗಂಟಲು ಸರಿಪಡಿಸಿಕೊಂಡರು. ಯಾರೋ ಉಸಿರು ಬಿಗಿಹಿಡಿದರು, ಅದರಿಂದ ಹಗುರಾಗುತ್ತೇವೆ ಎಂಬಂತೆ. ಒಬ್ಬೊಬ್ಬರಾಗಿ ಒಳಗಿದ್ದವರ ಕಣ್ಣು ಈಗ ಅವನ ಬೆನ್ನಿನ ಮೇಲೆ ಬಂದು ಕೂರುತ್ತಿರುವುದು ಅವನಿಗೆ ತಿಳಿಯಿತು. ಅವನು ಬಾಗಿಲಿನ ಮೇಲಿನ ಕೆಂಪು ಅಂಕಿಯನ್ನೇ ನೋಡುತ್ತ, ತನ್ನ ತೂಕ ಎಷ್ಟೆಂದು ನೆನಪಿಸಿಕೊಳ್ಳಲು ಯತ್ನಿಸುತ್ತ, ಅಲುಗದೆ ನಿಂತ.