ಪಾಪಡಖಾರ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಪಾಪಡಖಾರ ಹಪ್ಪಳದ ಹಿಟ್ಟಿಗೆ ಹಾಕುವ ವಸ್ತು, ಫೋಟೋ ತೊಳೆಯುವುದಕ್ಕಲ್ಲ. ಇದು ನನ್ನ ಹೆಂಡತಿ ಶಾರದಾಬಾಯಿಗೆ ಗೊತ್ತಿತ್ತು. ಇಪ್ಪತ್ತು ವರ್ಷದಿಂದ ಕಲಬುರ್ಗಿಯಲ್ಲಿ ಫೋಟೋ ತೆಗೆಯುತ್ತಿರುವ ಈ ದತ್ತಪ್ಪನಿಗೆ ಗೊತ್ತಾಗಲಿಲ್ಲ.

ಆ ವೈಶಾಖದಲ್ಲಿ ಒಂದು ಬೆಳಿಗ್ಗೆ ಕಮಲಾಪುರದ ಅಣವೀರಪ್ಪ ಮೋಟಾರಿನವನ ಕೈಯಲ್ಲಿ ಚೀಟಿ ಕಳಿಸಿದ. ಅವನ ಹೆಂಡತಿ ಜಯದೇವಿ ಹೆರಿಗೆಯಾದ ಮೂರನೇ ದಿನಕ್ಕೆ ತೀರಿಕೊಂಡಿದ್ದಳು. ನಾನು ಊರು ಮುಟ್ಟುವಷ್ಟರಲ್ಲಿ ಅವಳನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟಿದ್ದರು. ನಮ್ಮವರು ಕೂತೇ ಮಣ್ಣಿಗೆ ಹೋಗುತ್ತಾರೆ. ಬದುಕಿದ್ದಾಗ ಒಂದು ಫೋಟೋ ಇಲ್ಲದವರಿಗೆ ಅದೇ ಮೊದಲನೆಯದು, ಅದೇ ಕೊನೆಯದು. ಮದುವೆಗೆ ಹೈದರಾಬಾದಿನವರನ್ನು ಕರೆಸುತ್ತಾರೆ, ಹೆಣಕ್ಕೆ ನನ್ನನ್ನು. ನನಗೂ ಸಾಕಾಗಿ ಹೋಗಿತ್ತು.

ಅಣವೀರಪ್ಪ ಒಳಗಿಂದ ಕೂಸನ್ನು ತಂದು ಅವಳ ಮಡಿಲಲ್ಲಿ ಮಲಗಿಸಿದ. ಹಿರಿಯರು ಗೊಣಗಿದರು.

"ನಾಳೆ ಕೂಸಿಗಿ ಅವ್ವನ ಮಾರಿ ಯಾರ ತೋರಸ್ತಾರ್ರಿ?" ಅಂದ ಅವನು. "ನೀವು ತಗೀರಿ, ಅಣ್ಣಾರ. ಇಬ್ರೂ ಒಂದರಾಗೇ ಇರ್ಲಿ."

ನನ್ನ ಹತ್ತಿರ ಇದ್ದದ್ದು ಎರಡೇ ಫಿಲಮು, ಒಂದೊಂದೂ ಅಂಗೈಯಗಲದ ಹಾಳೆ. ಆ ಪಡಸಾಲೆಯ ಬೆಳಕಿಗೆ ಮೂರು ಎಣಿಸುವಷ್ಟು ಹೊತ್ತು ಕ್ಯಾಮೆರಾದ ಮುಚ್ಚಳ ತೆರೆದಿರಬೇಕು. ಮೊದಲನೆಯದಕ್ಕೆ ಕೂಸು ನಿದ್ದೆಯಲ್ಲಿತ್ತು. ಎರಡನೆಯದಕ್ಕೆ ಒಂದು ಎನ್ನುವಷ್ಟರಲ್ಲೇ ಎದ್ದು ಕೈಕಾಲು ಬಡಿಯಿತು. ಇರಲಿ, ಮೊದಲನೆಯದು ಇದೆಯಲ್ಲ ಎಂದು ಕ್ಯಾಮೆರಾ ಕಟ್ಟಿದೆ.

ಮರುದಿನ ಕಲಬುರ್ಗಿಯ ಗಾಜಿಪುರ ಓಣಿಯ ನಮ್ಮ ಮನೆಯಲ್ಲಿ, ಆ ಸುಡುಸುಡು ಮಧ್ಯಾಹ್ನವೇ ತೊಳೆಯಲು ಕೂತೆ. ಕಾಯುವ ತಾಳ್ಮೆ ಇರಲಿಲ್ಲ, ಮುಗಿದರೆ ಸಾಕಾಗಿತ್ತು. ಚಿತ್ರ ಮೂಡಿಸಲು ಪೈರೋ ಎಂಬ ಪುಡಿ ಹಾಕುತ್ತಿದ್ದೆ. ಅದೊಂದೇ ಇದ್ದರೆ ಕೆಲಸ ಮಾಡುವುದಿಲ್ಲ, ಜೊತೆಗೆ ಸೋಡಾಪುಡಿ ಬೇಕು. ನೋಡಿದರೆ ಸೋಡಾದ ಡಬ್ಬಿ ಖಾಲಿ! ಅಡುಗೆಮನೆಯಲ್ಲಿ ಪಾಪಡಖಾರ ಕಣ್ಣಿಗೆ ಬಿತ್ತು.

"ರೀ, ಅದು ಹಪ್ಪಳಕ್ಕ ಹಾಕೋದು!" ಅಂದಳು ಶಾರದಾಬಾಯಿ.

"ಎರಡೂ ಒಂದೇ ಜಾತೀದು, ನೀ ಸುಮ್ಮನಿರು," ಅಂದೆ.

ಚಿತ್ರ ಮೂಡಿತು, ಆದರೆ ನಿಧಾನ. ಐದು ನಿಮಿಷದ ಕೆಲಸಕ್ಕೆ ಹದಿನೈದು ನಿಮಿಷ ಆ ಬೆಚ್ಚನೆಯ ನೀರಿನಲ್ಲೇ ಇಟ್ಟೆ. ಕೆಂಪು ದೀಪದಲ್ಲಿ ತಾಯಿಯ ಮುಖ, ನಿದ್ದೆಹೋದ ಕೂಸಿನ ಮುಖ, ಎರಡೂ ಕಂಡವು. ಚಿತ್ರ ಅಳಿಯದಂತೆ ನಿಲ್ಲಿಸುವ ಹೈಪೋ ನೀರಿಗೆ ಹಾಕಲು ಎತ್ತಿದೆ ನೋಡಿ, ಮೂಲೆಯಿಂದ ಏಳತೊಡಗಿತು. ಕಾದ ಹಾಲಿನ ಕೆನೆ ಸರಿಯುವ ಹಾಗೆ ಇಡೀ ಚಿತ್ರ ಸರಿದು ನೀರಿಗೆ ಬಿತ್ತು. ನನ್ನ ಕೈಯಲ್ಲಿ ಬರೀ ಖಾಲಿ ಹಾಳೆ ಉಳಿಯಿತು. ಥೂ ನನ್ನ ಜನ್ಮಕ್ಕಿಷ್ಟು ಅಂದುಕೊಂಡೆ. ಶಾರದಾಬಾಯಿ ಪಾಪಡಖಾರದ ಡಬ್ಬಿ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಉಳಿದದ್ದು ಕೂಸು ಅಲುಗಾಡಿದ ಫಿಲಮು ಒಂದೇ. ಅದನ್ನು ಡಬ್ಬಿಯಿಂದ ತೆಗೆಯಲು ಎಂಟು ದಿನ ಧೈರ್ಯ ಬರಲಿಲ್ಲ. ಮತ್ತೆ ಪೈರೋ ಹಾಕಲೇ? ಅದಕ್ಕೆ ಸೋಡಾ ಬೇಕು, ಒಳ್ಳೆಯ ಸೋಡಾ ಆದರೂ ಈ ಸೆಕೆಗೆ ಫಿಲಮಿನ ಮೈ ಮೆತ್ತಗಾಗುತ್ತದೆ. ಪೇಟೆಯಲ್ಲಿ ಸಿಗುವ ಇನ್ನೊಂದು ಪುಡಿಗೂ ಅದೇ ಹಣೆಬರಹ. ಸೋಡಾ ಬೇಡದ್ದು ಒಂದೇ, ಅಮಿಡಾಲ್ ಎಂಬ ಪುಡಿ. ಒಂದಿಷ್ಟು ಸಲ್ಫೈಟ್ ಉಪ್ಪು ಜೊತೆಗಿದ್ದರೆ ಅದಕ್ಕೆ ಸಾಕು. ಆದರೆ ಬೆರಳು ಕಪ್ಪಾಗುತ್ತದೆ, ಕಲಸಿದ ನೀರು ಮರುದಿನಕ್ಕೆ ಕೆಡುತ್ತದೆ ಎಂದು ನಾನು ಎಂದೂ ತರಿಸಿರಲಿಲ್ಲ. ಹೈದರಾಬಾದಿಗೆ ಬರೆದರೆ ಹದಿನೈದು ದಿನ.

ನಮ್ಮೂರಿನದೇ ರೋಜಾ ಓಣಿಯ ಖುರ್ಷೀದ್ ಬೇಗಂ ನೆನಪಾದರು. ಅವರ ಗಂಡ ದರ್ಗಾಕ್ಕೆ ಬಂದವರ ಫೋಟೋ ತೆಗೆಯುತ್ತಿದ್ದ, ತೀರಿಕೊಂಡು ಎರಡು ವರ್ಷವಾಗಿತ್ತು. ಹೋಗಿ ನಡೆದದ್ದನ್ನೆಲ್ಲ ಹೇಳಿದೆ, ಪಾಪಡಖಾರದ್ದೂ ಬಿಡದೆ.

"ಯಾ ಅಲ್ಲಾ! ಹಪ್ಪಳ ಮಾಡಿಟ್ರೇನ್ ಭಾಯಿ ಅದಕ್ಕ?" ಅಂದರು. ಆಮೇಲೆ ನನ್ನ ಮುಖ ನೋಡಿ ಎದ್ದರು. ಗೂಡಿನಿಂದ ಮೇಣ ಹಚ್ಚಿ ಮುಚ್ಚಿದ, ಅಮಿಡಾಲ್ ಇದ್ದ ಕಂದು ಬಾಟಲಿ ತಂದರು. "ಧೂಪಕಾಲದ ಬಿಸಲಾಗ ಅವರು ಇದೇ ಹಾಕ್ತಿದ್ರು. ಆಮ್ಯಾಗ ಹಜಾಮರ ಪಟಿಕದ ಕಲ್ಲು ಕರಗಿಸಿದ ನೀರಾಗ ಅದ್ದತಿದ್ರು, ಗಟ್ಟಿ ಆಗ್ಲಿ ಅಂತ. ಅವರ ಬೆರಳು ಸಾಯೋತನಕಾ ಕಪ್ಪೇ ಇದ್ವು. ಒಯ್ಯಿರಿ, ನಾ ಏನ್ ಮಾಡ್ಲಿ ಇಟಗೊಂಡು?"

ಪುಡಿ ಬೂದಿಬಣ್ಣಕ್ಕೆ ತಿರುಗಿದ್ದರೂ ಕೆಟ್ಟು ಕಪ್ಪಾಗಿರಲಿಲ್ಲ. ರಾತ್ರಿಯೆಲ್ಲ ಮಣ್ಣಿನ ಹರವಿಯಲ್ಲಿ ತಣ್ಣಗಾದ ನೀರನ್ನು ಬೆಳಗಿನ ಜಾವ ಶಾರದಾಬಾಯಿಯೇ ಸೋಸಿಕೊಟ್ಟಳು. ಮೊದಲು ಬೆಳಕು ಬಿದ್ದು ಹಾಳಾಗಿದ್ದ ಹಳೆಯ ಫಿಲಮಿನ ತುಂಡು ಅದ್ದಿ ನೋಡಿದೆ, ಕಪ್ಪಾಯಿತು; ಪುಡಿ ಜೀವಂತವಿತ್ತು. ಆಮೇಲೆ ಆ ಹಾಳೆ. ನಾಲ್ಕು ನಿಮಿಷಕ್ಕೆ ಜಯದೇವಿ ಮೂಡಿ ಬಂದಳು, ವಿಭೂತಿಯ ಗೆರೆ ಗೆರೆಯೂ ಸ್ಪಷ್ಟ. ಮಡಿಲಲ್ಲಿ ಕೂಸಿನ ಮುಖವಿರಲಿಲ್ಲ. ಅಲ್ಲೊಂದು ಮಂಜು, ಅಷ್ಟೇ. ಪಟಿಕದ ನೀರಿನಲ್ಲಿ ಅದ್ದಿದ ಫಿಲಮು ಗಟ್ಟಿಯಾಗಿ ಉಳಿಯಿತು, ನನಗೆ ಮಾತ್ರ ಒಂದಿಷ್ಟೂ ಖುಷಿಯಾಗಲಿಲ್ಲ.

ಕಾಗದಕ್ಕೆ ಇಳಿಸಿಕೊಂಡು ಕಮಲಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಒಂದೊಂದೇ ಸುಳ್ಳು ಕಟ್ಟುತ್ತಾ ಹೋದೆ, ಒಂದೂ ಕೂಡಿ ಬರಲಿಲ್ಲ. ಅಣವೀರಪ್ಪ ಪಡಸಾಲೆಯಲ್ಲಿ ಒಬ್ಬನೇ ಕೂತಿದ್ದ. ಹೊಸ ತೊಟ್ಟಿಲು ಗೋಡೆಗೆ ಬೋರಲಾಗಿ ಒರಗಿತ್ತು.

"ಕೂಸು?" ಅಂದೆ.

"ತೊಟ್ಟಲಕ್ಕ ಹಾಕೋ ಮೊದಲೇ ಹೋಯ್ತ್ರೀ," ಅಂದ. "ನಾಕ ದಿನ ಆಯ್ತು."

ಫೋಟೋ ಕೊಡದೆ ಎದ್ದುಬಿಡಬೇಕೆನಿಸಿತು. ಅವನೇ ಕೈಚಾಚಿ ತೆಗೆದುಕೊಂಡ, ಬಹಳ ಹೊತ್ತು ನೋಡಿದ.

"ಎರಡ ಸಲ ತಗದಿದ್ರಲ್ರೀ. ಇನ್ನೊಂದು?"

"ನಾನೇ ಕೆಡಸೀನಿ, ಅಣವೀರಪ್ಪ. ಸೋಡಾ ಇರಲಿಲ್ಲಂತ ಪಾಪಡಖಾರ ಹಾಕಿದೆ. ಕರಗಿ ಹೋಯ್ತು. ತಪ್ಪು ನಂದು."

ಬೈಯುತ್ತಾನೆಂದು ತಲೆ ತಗ್ಗಿಸಿ ಕೂತೆ. ಬೈದಿದ್ದರೆ ಸೈರಿಸಿಕೊಳ್ಳುತ್ತಿದ್ದೆ.

"ಅದು ಕೂಸು ಮಲಗಿದ್ದಾಗಿಂದಲ್ರೀ?"

"ಹೌದು."

"ಅವ್ವನಂಗೇ ಸುಮ್ನ ಮಲಗಿತ್ತು." ಅಂದ ಅವನು. "ಹೋಗ್ಲಿ ಬಿಡ್ರಿ. ಅದ ಬ್ಯಾಡ."

ಅವನು ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು, ಆ ಮಂಜಿನ ಮೇಲೆ ಬೆರಳಿಟ್ಟ.

"ಇಲ್ಲಿ ಮ್ಯಾಲೆ ಎದ್ದದಲ್ರೀ, ಇದು ಕೈ ಹೌದಲ್ಲೋ? ಆಡಸಲತ್ತಾದ."

ಕೈಯೋ, ಕಾಲೋ, ಹೊದಿಸಿದ ಬಟ್ಟೆಯೋ, ತೆಗೆದ ನನಗೇ ತಿಳಿದಿರಲಿಲ್ಲ. ಕಪ್ಪು ಹಿಡಿದ ನನ್ನ ಬೆರಳನ್ನು ಅವನ ಬೆರಳಿನ ಪಕ್ಕದಲ್ಲಿಟ್ಟು, "ಹೌದು, ಕೈ," ಅಂದೆ.