ಇಪ್ಪತ್ತೆಂಟನೆಯ ದಿನ

ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಮೇಣದ ಮಾದರಿಗಳನ್ನು ಮಾಡಿಕೊಡುತ್ತಿದ್ದವನನ್ನು ವಿದ್ಯಾರ್ಥಿಗಳು ಮೇಣದ ಮಾವ ಎನ್ನುತ್ತಿದ್ದರು. ಹೆಸರಿಗೆ ತಕ್ಕಂತೆ ಕರಗುವ ಮನುಷ್ಯನೇನಲ್ಲ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಮನೆಯಲ್ಲಿ ಅದೂ ಇಲ್ಲ. ಹೆಂಡತಿ ತನ್ನ ಅಕ್ಕನ ಮನೆ ಸೇರಿ ಹನ್ನೆರಡು ವರ್ಷವಾಗಿತ್ತು.

ಅವರ ಒಂದೇ ಕೂಸು ಬೆನ್ನುಹುರಿ ಮುಚ್ಚಿಕೊಳ್ಳದೆ ಹುಟ್ಟಿ ಎರಡು ದಿನ ಬದುಕಿತ್ತು. ಬಸಿರಿನ ಐದನೇ ತಿಂಗಳಲ್ಲಿ ಹೆಂಡತಿ ಪರದೆ ಕಟ್ಟಲು ಸ್ಟೂಲು ಹತ್ತಿ ಬಿದ್ದಿದ್ದಳು. ಕೂಸು ಹೋದ ದಿನ ಅವನು, "ಅವತ್ತು ನೀನು ಸ್ಟೂಲು ಹತ್ತದೇ ಇದ್ದಿದ್ರೆ..." ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಿಂಗಳೊಳಗೆ ಅವಳು ಹೊರಟುಹೋದಳು.

ಈ ವರ್ಷ ವಿಭಾಗಕ್ಕೆ ಹೊಸದಾಗಿ ಬಂದ ಮೇಡಂ, ಭ್ರೂಣದ ನರಮಂಡಲ ಮೂಡುವ ಬಗೆಯನ್ನು ಐದು ಮಾದರಿಗಳಲ್ಲಿ ಕೇಳಿದರು. ಕಾಗದದ ಚೂರೊಂದನ್ನು ಮಡಿಸಿ ತೋರಿಸಿದರು.

"ಮೊದಲು ಇಷ್ಟೇ, ಒಂದು ಚಪ್ಪಟೆ ಹಾಳೆ. ನಡುವೆ ತಗ್ಗು ಬೀಳುತ್ತೆ, ಎರಡು ಅಂಚೂ ಎದ್ದು ಬಂದು ಕೂಡಿಕೊಳ್ಳುತ್ತವೆ. ಕೊಳವೆ ಆಯ್ತಲ್ಲ? ಮೇಲಿನ ತುದಿ ಉಬ್ಬಿ ಮಿದುಳಾಗುತ್ತೆ, ಉಳಿದದ್ದು ಬೆನ್ನುಹುರಿ. ಗರ್ಭ ಕಟ್ಟಿದ ಇಪ್ಪತ್ತೆಂಟನೇ ದಿನದ ಹೊತ್ತಿಗೆ ಎರಡೂ ತುದಿ ಮುಚ್ಚಿರಬೇಕು."

ಅವನ ಕೈಯಲ್ಲಿದ್ದ ಮೇಣ ತಣ್ಣಗಾಗುತ್ತಿತ್ತು. "ಮುಚ್ಚದಿದ್ರೆ?"

"ಹಾಗೇ ತೆರೆದಿರುತ್ತೆ. ಪಾಪ, ಎಷ್ಟೋ ತಾಯಂದಿರಿಗೆ ಆಗಿನ್ನೂ ತಾವು ಬಸಿರಿ ಅಂತಲೇ ಗೊತ್ತಿರಲ್ಲ."

"ಐದನೇ ತಿಂಗಳಲ್ಲಿ ಬಿದ್ದು ಗಿದ್ದು ಮಾಡಿದ್ರೆ?"

"ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಮಾವ."

ಭಾನುವಾರ ಬಸ್ಸು ಹತ್ತಿ ಹೆಂಡತಿಯ ಅಕ್ಕನ ಮನೆಗೆ ಹೋದ. ಹಜಾರದಲ್ಲಿ ಹೆಂಡತಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಕುರ್ಚಿ ತೋರಿಸಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಕಲಸಿಹೋಗಿ, ಹಾಳೆ, ಕೊಳವೆ, ಇಪ್ಪತ್ತೆಂಟು ದಿನ ಎಂದು ತೊದಲಿದ. "ನಿನ್ನ ತಪ್ಪಿರಲಿಲ್ಲ" ಎಂದ.

"ಗೊತ್ತು" ಎಂದಳು. "ಮಗು ಹೋದ ದಿನವೇ ಡಾಕ್ಟರಮ್ಮ ಹೇಳಿದ್ರು. ನೀವು ಔಷಧಿ ತರೋಕೆ ಹೋಗಿದ್ರಿ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಹೇಳೋಣ ಅಂತ ಕಾಯ್ತಾ ಇದ್ದೆ. ನೀವು ಬಂದವರೇ ಸ್ಟೂಲಿನ ಮಾತು ತೆಗೆದ್ರಿ. ಸಾಕ್ಷಿ ಹೇಳಿಸಿ ಗಂಡನನ್ನ ಒಪ್ಪಿಸಬೇಕಾ ಅನ್ನಿಸ್ತು."

ಒಳಗೆ ಅವಳ ಅಕ್ಕ ಪಾತ್ರೆ ತೊಳೆಯುವ ಸದ್ದು ನಿಂತು, ಮತ್ತೆ ಶುರುವಾಯಿತು.

ಗುಂಡಿಯ ದಾರ ಕತ್ತರಿಸಿ ಅವಳೇ ಕೇಳಿದಳು: "ಮಗೂ ಮುಖ ನೆನಪಿದೆಯಾ ನಿಮಗೆ? ನನಗೆ ಈಚೆಗೆ ಮಸುಕಾಗ್ತಾ ಇದೆ."

ನೆನಪಿತ್ತು. ರೂಪ ನೋಡಿ ಉಳಿಸಿಕೊಳ್ಳುವುದೇ ಅವನ ಕಸುಬು. ಬಲಗಿವಿಯ ಅಂಚು ಒಳಕ್ಕೆ ಮಡಚಿಕೊಂಡಿದ್ದು, ಗಲ್ಲ ಥೇಟ್ ಅವಳದೇ ಆಗಿದ್ದು, ಒಂದು ಹುಬ್ಬು ಇನ್ನೊಂದಕ್ಕಿಂತ ತುಸು ಮೇಲಿದ್ದು, ಎಲ್ಲ ಹೇಳಿದ. ಅವಳು ಕಣ್ಣು ಮುಚ್ಚಿ ಕೇಳಿದಳು. "ಕಿವಿ ಇನ್ನೊಂದ್ಸಲ ಹೇಳಿ" ಎಂದಳು. ಹೇಳಿದ.

ಬಸ್ಸಿನ ಹೊತ್ತಾದಾಗ ಬಾಗಿಲವರೆಗೆ ಬಂದಳು. ಮತ್ತೆ ಬನ್ನಿ ಎನ್ನಲಿಲ್ಲ, ಬರಲಾ ಎಂದು ಅವನೂ ಕೇಳಲಿಲ್ಲ. ತಿರುವಿನಲ್ಲಿ ತಿರುಗಿ ನೋಡಿದಾಗ ಬಾಗಿಲು ಹಾಕಿತ್ತು.