ಬೋಳು ಬೆನ್ನಿನ ಅಂಗಿ

ಅವಳ ಅಪ್ಪನನ್ನು ಬೀದಿಯವರೆಲ್ಲ ಪಟ್ಟೆಮಾಮ ಎಂದೇ ಕರೆಯುತ್ತಿದ್ದರು. ಬಸ್ ಓಡಿಸಿ ನಿವೃತ್ತನಾದವನು. ದೇಶದ ಫುಟ್‌ಬಾಲ್ ತಂಡದ ಪಂದ್ಯವಿದ್ದ ದಿನ ಕೆಂಪು-ಬಿಳಿ ಪಟ್ಟೆಯ ಅಂಗಿ ತೊಟ್ಟು ಹೊರಟನೆಂದರೆ ಸ್ವಂತ ಮಗನ ಮದುವೆಗೆ ಹೊರಟಷ್ಟು ಗತ್ತು. ಮಗ ಇರಲಿಲ್ಲ. ಇದ್ದವಳು ಒಬ್ಬಳೇ ಮಗಳು, ಆಟದ ಉಡುಪು ತಯಾರಿಸುವ ಕಂಪನಿಯೊಂದರಲ್ಲಿ ವಿನ್ಯಾಸಕಿ.

ಆ ವರ್ಷ ತಂಡದ ಹೊಸ ಅಂಗಿಯ ಕೆಲಸ ಅವಳ ಮೇಜಿಗೇ ಬಂತು. ಬಿಡುಗಡೆಯಾಗುವ ತನಕ ಗುಟ್ಟಾಗಿರಬೇಕೆಂದು ಕಂಪನಿ ಹೇಳಿದ್ದರಿಂದ ಅವಳು ಅಮ್ಮನಿಗೆ ಮಾತ್ರ ಹೇಳಿದಳು. ಅಪ್ಪನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂಬುದು ಮನೆಗೆಲ್ಲ ಗೊತ್ತಿದ್ದ ವಿಷಯ.

ತೊಡಕು ಬಂದದ್ದು ಬೆನ್ನಿಗೆ. ಬೆನ್ನ ಮೇಲಿನ ಸಂಖ್ಯೆ ಗ್ಯಾಲರಿಯ ಕೊನೆಯ ಸಾಲಿಗೂ ಸ್ಪಷ್ಟವಾಗಿ ಕಾಣಬೇಕೆಂಬುದು ನಿಯಮ. ಪಟ್ಟೆಗಳ ಮೇಲೆ ಸಂಖ್ಯೆ ಕಲಸಿಹೋಗುತ್ತಿತ್ತು. ಸಂಖ್ಯೆಯ ಹಿಂದೆ ಬಿಳಿ ಚೌಕ ಇಟ್ಟು ನೋಡಿದಳು. ಗಾಯಕ್ಕೆ ಬ್ಯಾಂಡೇಜು ಹಾಕಿದ ಹಾಗಿತ್ತು. ಕೊನೆಗೆ ಹಿಂಭಾಗದ ಪಟ್ಟೆಗಳನ್ನೆಲ್ಲ ತೆಗೆದು ಬರೀ ಕೆಂಪು ಉಳಿಸಿದಳು. ಮ್ಯಾನೇಜರಿಗೆ ಹಿಡಿಸಿತು. ನಿಜ ಹೇಳಬೇಕೆಂದರೆ ಅವಳಿಗೂ ಹಿಡಿಸಿತ್ತು.

ಅಂಗಿ ಬಿಡುಗಡೆಯಾದ ದಿನ ಅಪ್ಪ ಮುಖಕ್ಕೆ ನೊರೆ ಹಚ್ಚಿಸಿಕೊಂಡು ತನ್ನ ಹಳೇ ಗೆಳೆಯನ ಕ್ಷೌರದಂಗಡಿಯಲ್ಲಿ ಕೂತಿದ್ದ. ಟಿವಿಯಲ್ಲಿ ಆಟಗಾರನೊಬ್ಬ ಹೊಸ ಅಂಗಿ ತೊಟ್ಟು ಬೆನ್ನು ತಿರುಗಿಸಿದ.

"ಥೂ! ಬೆನ್ನು ಬೋಳಿಸಿಬಿಟ್ಟಿದ್ದಾರಲ್ಲೋ!" ಎಂದ ಕ್ಷೌರಿಕ. ಬೋಳಿಸುವ ಮಾತು ಕ್ಷೌರಿಕನ ಬಾಯಲ್ಲೇ ಬಂತೆಂದು ಸರದಿಗೆ ಕಾದಿದ್ದವರು ನಕ್ಕರು.

"ಏನೋ ನಿಯಮ ಅಂತಪ್ಪಾ," ಎಂದನೊಬ್ಬ.

"ನಿಯಮ ಮಾಡಿದೋನು ಒಂದಿನಾನಾದ್ರೂ ಗ್ಯಾಲರೀಲಿ ನಿಂತಿದ್ದಾನಾ? ನಮ್ಮ ಹುಡುಗರನ್ನ ನಡಿಗೇಲೇ ಗುರುತು ಹಿಡೀತೀವಿ. ನಂಬರ್ ಯಾರಿಗೆ ಬೇಕು?" ಎಂದ ಮತ್ತೊಬ್ಬ.

ಎಲ್ಲರಿಗಿಂತ ಗಟ್ಟಿಯಾಗಿ ಅಪ್ಪನೇ ಬೈದ. "ಇದನ್ನ ಮಾಡಿದೋರ ಮನೆ ಹಾಳಾಗ!"

ಮನೆಗೆ ಬಂದು ಅದನ್ನೇ ಮತ್ತೆ ಹೇಳಿದಾಗ ಅಮ್ಮ ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟಳು. "ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ. ಮಾಡಿದ್ದು ನಿಮ್ಮ ಮಗಳೇ."

ಮಗಳು ಕೆಲಸದಿಂದ ಬಂದ ಮೇಲೆ ಅಪ್ಪ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಕೇಳಿದ. ಸಂಖ್ಯೆ, ನಿಯಮ, ಬಿಳಿ ಚೌಕ, ಎಲ್ಲವನ್ನೂ.

"ಅರ್ಥ ಆಯ್ತು," ಎಂದ. "ಆದ್ರೂ ಚೆನ್ನಾಗಿಲ್ಲ ಕಣೇ."

ಮರುದಿನ ತಾನಾಗಿಯೇ ಕ್ಷೌರದಂಗಡಿಗೆ ಹೋಗಿ ಹೇಳಿದ: "ಮಾಡಿದ್ದು ನನ್ನ ಮಗಳು. ಬೈಯೋದಿದ್ರೆ ನನ್ನ ಮುಖ ನೋಡಿ ಬೈಯಿರಿ." ಯಾರೂ ಬೈಯಲಿಲ್ಲ. ಆದರೆ ಅಲ್ಲಿ ಕೂತಿದ್ದ ಯಾರೋ ಸುದ್ದಿಯನ್ನು ಮೊಬೈಲಿಗೆ ಹಾಕಿದರು. ಸಂಜೆಯ ಹೊತ್ತಿಗೆ ಅವಳ ಫೋಟೊ ಊರೆಲ್ಲ ಸುತ್ತಾಡಿತ್ತು. ಫೋನು ಎತ್ತಿದರೆ ಹೊಲಸು ಮಾತು. ಮನೆಯ ಗೋಡೆಗೆ ಯಾರೋ ಕೆಂಪು ಬಣ್ಣ ಎರಚಿ ಹೋದರು. ಅಮ್ಮ ಉಜ್ಜಿದಷ್ಟೂ ಅದು ಹರಡಿತು. "ಸ್ವಲ್ಪ ದಿನ ಮನೆಯಿಂದಲೇ ಕೆಲಸ ಮಾಡಿ," ಎಂದ ಮ್ಯಾನೇಜರ್. ವಿನ್ಯಾಸ ತನಗೂ ಹಿಡಿಸಿತ್ತೆಂದು ಅವನು ಎಲ್ಲೂ ಬಾಯಿ ಬಿಡಲಿಲ್ಲ.

ಪಂದ್ಯದ ದಿನ ಅಪ್ಪ ಹೊಸ ಅಂಗಿ ತೊಟ್ಟು ಕೋಣೆಯಿಂದ ಹೊರಬಂದ.

"ಇವತ್ತೊಂದಿನ ಹೋಗ್ಬೇಡಿ," ಎಂದಳು ಅಮ್ಮ.

"ಹಳೇದು ಹಾಕ್ಕೊಂಡು ಹೋದ್ರೆ ಇವಳನ್ನ ಬಿಟ್ಟುಕೊಟ್ಟ ಹಾಗೆ. ಮನೇಲಿ ಕೂತ್ರೆ ತಂಡಾನ ಬಿಟ್ಟುಕೊಟ್ಟ ಹಾಗೆ."

"ಅಪ್ಪಾ, ನಿನಗೇ ಇಷ್ಟ ಇಲ್ವಲ್ಲ ಇದು."

"ಇಷ್ಟ ಇಲ್ಲ. ಅದು ಬೇರೆ ಮಾತು," ಎಂದು ಚಪ್ಪಲಿ ಮೆಟ್ಟಿಕೊಂಡ.

ತಂಡ ಹೀನಾಯವಾಗಿ ಸೋತಿತು. ಜನ ಕ್ರೀಡಾಂಗಣದ ಮೆಟ್ಟಿಲಿಳಿಯುತ್ತಿದ್ದಾಗ ಯಾರೋ ಕೂಗಿದರು: "ಅಲ್ನೋಡ್ರೋ, ಅವಳಪ್ಪ!" ನಾಲ್ಕಾರು ಜನ ಸುತ್ತುವರಿದು ಅಂಗಿ ಬಿಚ್ಚೆಂದು ಕಾಲರ್ ಹಿಡಿದರು. ಅವನು ಎರಡೂ ಕೈಯಲ್ಲಿ ಅಂಗಿಯನ್ನು ಎದೆಗೆ ಅವುಚಿಕೊಂಡ. ಎಳೆದಾಟದಲ್ಲಿ ಕಾಲು ಜಾರಿತು. ಆಧಾರಕ್ಕೆ ಕೈ ಖಾಲಿ ಇರಲಿಲ್ಲ. ತಲೆ ಕಾಂಕ್ರೀಟಿಗೆ ಬಡಿಯಿತು.

ಆಸ್ಪತ್ರೆಗೆ ಹೊತ್ತು ತಂದವನು ಕ್ಷೌರಿಕ. ವಾರ್ಡಿನ ಹೊರಗೆ ಅವಳ ಮುಖ ನೋಡಲಾರದೆ ನೆಲ ನೋಡುತ್ತ ಹೇಳಿದ: "ಬಿಚ್ಚಿ ಕೊಟ್ಟುಬಿಡೋ ಅಂತ ಕೂಗಿದೆ ಮಗಳೇ. ಕೇಳಲಿಲ್ಲ. ಒಂದು ಬಟ್ಟೆಗೆ ಹೀಗಾ?"

ಪೊಲೀಸರು ಬಂದು ವಿಚಾರಿಸಿದರು. ಎಳೆದವರೆಲ್ಲ ಒಂದೇ ಬಗೆಯ ಪಟ್ಟೆ ಅಂಗಿಯವರು, ಮುಖಕ್ಕೂ ಕೆಂಪು-ಬಿಳಿ ಬಳಿದುಕೊಂಡವರು. ಯಾರನ್ನೂ ಗುರುತಿಸಲಾಗಲಿಲ್ಲ.

ಅಪ್ಪ ಉಳಿದ. ಆದರೆ ಮನೆಗೆ ಬಂದವನು ಬೇರೆ ಯಾರೋ ಆಗಿದ್ದ. ಹೆಂಡತಿಯನ್ನು "ಅಮ್ಮಾ" ಎಂದು ಕರೆಯುತ್ತಿದ್ದ. ಮಗಳು ನೀರು ಕೊಟ್ಟರೆ, "ನಿಮಗ್ಯಾಕೆ ತೊಂದ್ರೆ," ಎನ್ನುತ್ತಿದ್ದ. ಆ 'ನಿಮಗೆ' ಎಂಬ ಮಾತಿಗೆ ಅವಳು ಅಡಿಗೆಮನೆಗೆ ಹೋಗಿ ಅಳುತ್ತಿದ್ದಳು.

ಗಲಾಟೆಗೆ ಹೆದರಿ ಫುಟ್‌ಬಾಲ್ ಒಕ್ಕೂಟದವರು ಹಿಂಭಾಗಕ್ಕೂ ಪಟ್ಟೆ ತರುವುದೆಂದು ತೀರ್ಮಾನಿಸಿದರು. ಅವಳು ಕೆಲಸ ಬಿಡುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. ಬಿಡಲಿಲ್ಲ. ಸಂಖ್ಯೆಯ ಹಿಂದೆ ಬಿಳಿ ಚೌಕ ಇಟ್ಟು ಕಳುಹಿಸಿದಳು. ಜನ ಅದನ್ನು ಕೊಂಡಾಡಿದರು. ಯಾರು ಮಾಡಿದ್ದೆಂದು ಈ ಸಲ ಯಾರೂ ಕೇಳಲಿಲ್ಲ.

ಮುಂದಿನ ಪಂದ್ಯ ಟಿವಿಯಲ್ಲಿ ಬಂದಾಗ ಅಮ್ಮ ಅಪ್ಪನನ್ನು ದಿಂಬಿಗೊರಗಿಸಿ ಕೂರಿಸಿದಳು. ಏನಾದರೂ ನೆನಪಾದೀತೆಂಬ ಆಸೆ. ಅಪ್ಪ ಕಣ್ಣು ಕಿರಿದು ಮಾಡಿ ನೋಡುತ್ತ ಮಗಳ ಕಡೆ ತಿರುಗಿದ.

"ಇವರಲ್ಲಿ ನಿಮ್ಮೋರು ಯಾರು?"

"ಪಟ್ಟೆಯವರು," ಎಂದಳು.

"ಗೆಲ್ಲಲಿ ಬಿಡಿ, ಪಾಪ," ಎಂದು ಅಪ್ಪ ಮರ್ಯಾದೆಗೆ ತಲೆಯಾಡಿಸಿದ. ಸ್ವಲ್ಪ ಹೊತ್ತಿಗೆ ಕೂತಲ್ಲೇ ತೂಕಡಿಸಿದ. ಬೀದಿಯಲ್ಲಿ ಗೋಲಿನ ಕೇಕೆ ಎದ್ದಿತು. ಅವನಿಗೆ ಎಚ್ಚರವಾಗದಿರಲೆಂದು ಅವಳು ಎದ್ದು ಕಿಟಕಿ ಮುಚ್ಚಿದಳು.